ಕಾಮಾಲೆ ಎಂದವಳು ನಾನೇ

ಮೊಬೈಲಿನಲ್ಲಿ ಬರೆಯಲು ಕಲಿತು ಮೂರು ತಿಂಗಳಾಯಿತು. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಕಟ್ಟಿಕೊಂಡ ಸುಳ್ಳು ಮರೆತುಹೋಗುತ್ತದೆ. ಹಾಗಾಗಿ ನಿಜವನ್ನೇ ಬರೆಯುತ್ತಿದ್ದೇನೆ.

ನಮ್ಮವ್ವ ತೀರಿಕೊಂಡದ್ದು ತೊಂಬತ್ತೇಳರ ಬೇಸಿಗೆಯಲ್ಲಿ. ಎಡ ಎದೆಯಲ್ಲಿ ಗಂಟಾಗಿ, ಒಡೆದು, ಹುಣ್ಣಾಗಿತ್ತು. ಕುಷ್ಟಗಿಯ ಮನೆಯ ಬಚ್ಚಲಲ್ಲಿ ದಿನಾ ಅದನ್ನು ತೊಳೆದು ಹಳೇ ಸೀರೆಯ ಬಟ್ಟೆ ಕಟ್ಟುತ್ತಿದ್ದವಳು ನಾನು. ಹೆಂಗಸಿನ ಎದೆಯ ಮಾತನ್ನು ಗಂಡುಮಕ್ಕಳ ಮುಂದೆ ಆಡುವ ರೂಢಿ ನಮ್ಮಲ್ಲಿ ಇರಲಿಲ್ಲ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ ತಮ್ಮನಿಗೆ ಕಾಮಾಲೆ, ನಮ್ಮ ಕಡೆಯ ಮಾತಿನಲ್ಲಿ ಕಾಮಣಿ, ಎಂದೆ. ನಂಬಿದ.

ವರ್ಷದೊಳಗೆ ಅವನಿಗೆ ಯಲಬುರ್ಗಾದ ಹೆಣ್ಣು ಗೊತ್ತಾಯಿತು. ಮನೆತನದಲ್ಲಿ ಕೆಟ್ಟ ರೋಗ ಇದೆಯೇ ಎಂದು ವಿಚಾರಿಸಲು ಹೆಣ್ಣಿನ ಕಡೆಯವರು ಬಂದರು. ಅವರಿಗೂ ಚಹಾ ಕೊಟ್ಟು ಕಾಮಾಲೆಯ ಕಥೆ ಹೇಳಿದೆ. ಅವ್ವನ ಕಣ್ಣು ಅರಿಸಿನದಂತಾಗಿದ್ದು, ಔಷಧಿಗೆ ಊರೂರು ತಿರುಗಿದ್ದು, ಎಲ್ಲ. ಒಬ್ಬಾಕೆ ಕಣ್ಣೊರೆಸಿಕೊಂಡಳು. ಅಂದು ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಐವತ್ತೈದು ತುಂಬುವ ಮೊದಲೇ ತಮ್ಮನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂತು. ಗೊತ್ತಾಗುವಾಗ ಸೊಂಟದ ಎಲುಬಿಗೂ ಹರಡಿತ್ತು. ತಾಯಿಗಾಗಲಿ, ಆಕೆಯ ಅಕ್ಕತಂಗಿಯರಿಗಾಗಲಿ ಕ್ಯಾನ್ಸರ್ ಇತ್ತೇ ಎಂದು ಡಾಕ್ಟರು ಕೇಳಿದರು.

"ಇಲ್ರಿ. ನಮ್ಮವ್ವ ಕಾಮಣ್ಯಾಗ ಹೋದ್ಲು," ಎಂದ ತಮ್ಮ ನನ್ನ ಕಡೆ ತಿರುಗಿದ. "ಹೌದಲ್ಲೇನು ಅಕ್ಕಾ?"

ಪಕ್ಕದಲ್ಲಿ ಅವನ ಹೆಂಡತಿ ಕೂತಿದ್ದಳು. ಹೌದೆಂದು ತಲೆ ಆಡಿಸಿದೆ.

ಚುಚ್ಚುಮದ್ದು ಒಂದು ವರ್ಷ ರೋಗವನ್ನು ತಡೆಯಿತು, ಆಮೇಲೆ ತಡೆಯಲಿಲ್ಲ. ಬೆನ್ನು ಊರಿ ಮಲಗಲಾಗದೆ ತಮ್ಮ ಗೋಡೆಗೆ ಒರಗಿ ಕೂತೇ ಇರತೊಡಗಿದ. ಅದನ್ನು ನೋಡಲಾಗದೆ ಒಂದು ಮಧ್ಯಾಹ್ನ ಡಾಕ್ಟರ ಕೋಣೆಗೆ ಒಬ್ಬಳೇ ಹೋಗಿ ಅವ್ವನ ಗಂಟಿನ ವಿಷಯ ಹೇಳಿದೆ. ಅವರು ಬೈಯಲಿಲ್ಲ. ಮೈಯ ಜೀವಕೋಶಗಳೊಳಗಿನ ಎಳೆಗಳು ಹಳೇ ಬಟ್ಟೆಯಂತೆ ದಿನಾ ಹರಿಯುತ್ತವಂತೆ, ಆ ಹರಕು ಹೊಲಿಯುವ ವಂಶವಾಹಿ ಕೆಲವರಲ್ಲಿ ಹುಟ್ಟಿನಿಂದಲೇ ಕೆಟ್ಟಿರುತ್ತದಂತೆ. ತಾಯಿಯ ಎದೆಯಲ್ಲಿ ಗಂಟಾದದ್ದು ಮಗನಿಗೆ ಹೀಗೆ ಬರಬಹುದು. ಅಂಥವರಲ್ಲಿ ರೋಗ ಬೇಗ ಹರಡುತ್ತದೆ, ಆದರೆ ಅವರಿಗೆ ಹೊಂದುವ ಒಂದು ಮಾತ್ರೆಯೂ ಇದೆ ಎಂದರು. ರಕ್ತ ಪರೀಕ್ಷೆಯಲ್ಲಿ ಅದೇ ಬಂತು. ಮಾತ್ರೆ ಶುರುವಾಗಿ ನೋವು ಸ್ವಲ್ಪ ಇಳಿಯಿತು. ನಾನು ಮೊದಲೇ ಹೇಳಿದ್ದರೆ ಎಂದು ಡಾಕ್ಟರನ್ನು ಕೇಳಿದೆ. ಪರೀಕ್ಷೆ ಬೇಗ ಆಗುತ್ತಿತ್ತು, ಎಷ್ಟು ದಿನ ಉಳಿಯುತ್ತಿತ್ತೆಂದು ಹೇಳಲಾರೆ ಎಂದರು.

ಮನೆಯಲ್ಲಿ ಎಲ್ಲ ಒಪ್ಪಿಕೊಂಡೆ. ತಮ್ಮ ನಕ್ಕ. "ಅಕ್ಕಾ, ನೀ ಹೇಳಿದ ಸುಳ್ಳೊಳಗ ಇದೊಂದ ಭಾಳ ಬಾಳಿಕಿ ಬಂತು ನೋಡು."

ಅವನ ಹೆಂಡತಿ ನಗಲಿಲ್ಲ. "ಅವಾಗಂತೂ ಮದುವಿ ಸಲುವಾಗಿ ಸುಳ್ಳು ಹೇಳಿದ್ರಿ, ಹೋಗ್ಲಿ ಅಕ್ಕಾರ. ಆಸ್ಪತ್ರ್ಯಾಗ ಯಾರ ಮದುವಿ ಇತ್ರಿ?"



ನನ್ನ ರಕ್ತವನ್ನೂ ಪರೀಕ್ಷಿಸಿದರು. ಆ ಕೆಟ್ಟ ವಂಶವಾಹಿ ನನಗೆ ಬಂದಿಲ್ಲ. ಕೊಪ್ಪಳದ ಬಸ್ ನಿಲ್ದಾಣದಲ್ಲಿ ಇಳಿದವಳೇ ಖುಷಿಗೆ ಮಿರ್ಚಿ ಭಜಿ ತಿಂದೆ, ಎರಡು. ಮೂರನೆಯದಕ್ಕೆ ಕೈ ಹಾಕುವಾಗ ಅವ್ವ ಆ ವಂಶವಾಹಿಯನ್ನು ಯಾರಿಗೆ ಕೊಟ್ಟು ಹೋದಳೆಂಬುದು ನೆನಪಾಯಿತು. ಮಿರ್ಚಿಯನ್ನು ತಟ್ಟೆಯಲ್ಲೇ ಬಿಟ್ಟೆ.

ಈಗ ತಮ್ಮನ ಮಗಳ ಸರದಿ. ರಕ್ತ ಕೊಡುವ ಮುಂಚೆ ನನ್ನ ಪಕ್ಕ ಕೂತು, "ಅತ್ತಿ, ಆಯಿಗೆ ಎಲ್ಲಿ ಶುರು ಆಗಿತ್ತು?" ಎಂದು ತನ್ನ ಅಜ್ಜಿಯ ಬಗ್ಗೆ ಕೇಳಿದಳು. ಜಾಗ ತೋರಿಸಿದೆ. ಎಷ್ಟು ದೊಡ್ಡದಿತ್ತು, ಯಾವಾಗ ಒಡೆಯಿತು, ಎಲ್ಲ ಹೇಳಿದೆ.

"ಮತ್ತೇನರ ಐತೇನು?"

ಇತ್ತು. ಅವ್ವನ ತಂಗಿ ಹೊಟ್ಟೆಯ ಗಡ್ಡೆಯಿಂದ ಸತ್ತಿದ್ದಳು. ಡಾಕ್ಟರಿಗೂ ಹೇಳದಿದ್ದ ಅದನ್ನು ಅವಳಿಗೆ ಹೇಳಿದೆ. ಹುಡುಗಿ ನನ್ನ ರಟ್ಟೆ ಹಿಡಿದು ಎಬ್ಬಿಸಿ, ಡಾಕ್ಟರ ಬಾಗಿಲಿನವರೆಗೆ ಬಿಡದೆ ನಡೆಸಿಕೊಂಡು ಹೋದಳು.