ದೊಡ್ಡಮ್ಮನ ಕಾರ್ಡುಗಳು ವೆಬ್‌ಸೈಟಿಗೆ ಹೋದದ್ದು

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಇದನ್ನು ಮೂರು ಸಲ ನಕಲು ಮಾಡಿದೆ, ಮೂರನೆಯದೇ ಎಲ್ಲಕ್ಕಿಂತ ಕೆಟ್ಟದಾಗಿ ಬಂತು. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು, ಪದಗಳೂ ಅಷ್ಟಕ್ಕಷ್ಟೇ. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಬರೆಯಲು ಹೊರಟಿರುವುದು ನನ್ನ ಅಮ್ಮನ ಅಕ್ಕನ ವಿಷಯ. ಅವರನ್ನು ನಾನು ದೊಡ್ಡಮ್ಮ ಅನ್ನುತ್ತೇನೆ.

ದೊಡ್ಡಮ್ಮ ಇಪ್ಪತ್ತಾರು ವರ್ಷದಿಂದ ಒಂದೇ ಮೇಜಿನ ಹಿಂದೆ ಕೂತು ಬೇರೆಯವರನ್ನು ಊರೂರಿಗೆ ಕಳಿಸುತ್ತಿದ್ದಾರೆ. ಪ್ರವಾಸದ ಏರ್ಪಾಟು ಮಾಡಿಕೊಡುವ ಆ ಆಫೀಸು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಇರುವುದು ಎರಡು ಕೋಣೆ. ಮುಂದಿನ ಕೋಣೆಯ ಗೋಡೆಯ ಮೇಲೆ ಒಂದು ಭೂಪಟವಿದೆ. ಬಿಸಿಲಿಗೆ ಅದರ ಸಮುದ್ರವೆಲ್ಲ ಬೆಳ್ಳಗಾಗಿ ಹೋಗಿದೆ, ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಶಾಲೆ ಬಿಟ್ಟ ಮೇಲೆ ನನ್ನನ್ನು ಏನು ಮಾಡುವುದೆಂದು ಮನೆಯಲ್ಲಿ ಯಾರಿಗೂ ತೋಚದಿದ್ದಾಗ ದೊಡ್ಡಮ್ಮ ನನ್ನನ್ನು ಕರೆದುಕೊಂಡು ಹೋಗಿ ತಮ್ಮ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು. ಹೊಸಬರ ಎದುರು ನನಗೆ ಬಾಯಿ ಬರುವುದಿಲ್ಲ. ಅಲ್ಲಿ ಅದರಿಂದ ತೊಂದರೆಯಾಗಲಿಲ್ಲ. ಪ್ರವಾಸ ಹೊರಟವರು ಎದುರಿನವರಿಗೆ ಮಾತಾಡಲು ಅವಕಾಶ ಕೊಡುವುದೂ ಇಲ್ಲ.

ದೊಡ್ಡಮ್ಮನ ಕೆಲಸದ ರೀತಿ ಹೀಗೆ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಅಂಗೈಯಷ್ಟು ಅಗಲಕ್ಕೆ ಕತ್ತರಿಸಿ ಕಾರ್ಡು ಮಾಡಿಕೊಳ್ಳುತ್ತಾರೆ. ಒಬ್ಬ ಗಿರಾಕಿಗೆ ಒಂದು ಕಾರ್ಡು. ಹೊರಡುವ ಮುಂಚೆ ಅವರು ಏನೇನು ಬೇಕು ಅನ್ನುತ್ತಾರೋ ಅದನ್ನು ಪೆನ್ಸಿಲಿನಲ್ಲಿ ಬರೆಯುತ್ತಾರೆ. ತಿರುಗಿ ಬಂದ ಮೇಲೆ ಕೂರಿಸಿ, ಟೀ ಕೊಟ್ಟು, "ಏನು ಸರಿಹೋಗಲಿಲ್ಲ?" ಎಂದು ಒಂದೇ ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಬಂದ ಉತ್ತರ ಪೆನ್ನಿನಲ್ಲಿ. ಮುಂದಿನ ಸಲ ಆ ಗಿರಾಕಿ ಬಂದಾಗ ಪೆನ್ಸಿಲಿನದನ್ನು ರಬ್ಬರಿನಿಂದ ಉಜ್ಜಿಹಾಕುತ್ತಾರೆ, ಪೆನ್ನಿನದನ್ನು ಓದಿಕೊಳ್ಳುತ್ತಾರೆ. "ಹೋಗೋವಾಗ ಎಲ್ಲರೂ ಬೆಟ್ಟ ಹತ್ತೋರೇ. ಬಂದ ಮೇಲೆ ಮೊಣಕಾಲು ನೆನಪಾಗುತ್ತೆ" ಎಂದು ನನಗೆ ಮೊದಲ ದಿನ ಹೇಳಿದ್ದರು. ಹೀಗೆ ಒಟ್ಟುಗೂಡಿದ ಕಾರ್ಡುಗಳು ಒಂಬತ್ತು ಚಪ್ಪಲಿ ಪೆಟ್ಟಿಗೆಗಳಲ್ಲಿ ತುಂಬಿವೆ.

ಈ ಪೆಟ್ಟಿಗೆಗಳಲ್ಲಿ ಏನಿದೆ ಎಂದು ಒಂದು ದಿನವೂ ನೋಡದೆ ಇದ್ದವರು ಆಫೀಸಿನ ಯಜಮಾನರು. ಆಫೀಸು ಕಟ್ಟಿದ್ದು ಅವರ ಅಪ್ಪ. ದೊಡ್ಡಮ್ಮ ಕೆಲಸಕ್ಕೆ ಸೇರಿದಾಗ ಯಜಮಾನರಿಗೆ ಎಂಟು ವರ್ಷ. ಶಾಲೆ ಮುಗಿಸಿ ಬಂದು ಇದೇ ಮೇಜಿನ ಕೆಳಗೆ ಕೂತು ಬಿಸ್ಕತ್ತು ತಿನ್ನುತ್ತಿದ್ದರಂತೆ, ದೊಡ್ಡಮ್ಮನನ್ನು ಆಗಿನಿಂದಲೂ ಅಕ್ಕ ಅನ್ನುತ್ತಾರೆ. ಈಗ ಅವರು ಮೇಜಿನ ಕೆಳಗೆ ಹಿಡಿಸುವುದಿಲ್ಲ, ಹಾಗಾಗಿ ಮೇಜನ್ನೇ ತೆಗೆಸಬೇಕೆಂದು ಅವರಿಗೆ ಅನ್ನಿಸಿತು. ಒಂದು ದಿನ ಬಂದು, ಇನ್ನು ಮುಂದೆ ಜನ ಮನೆಯಲ್ಲೇ ಕೂತು ತಮ್ಮ ಪ್ರವಾಸವನ್ನು ತಾವೇ ಹೊಂದಿಸಿಕೊಳ್ಳುವ ವೆಬ್‌ಸೈಟು ಬರುತ್ತದೆ, ಮೇಜಿನ ಜಾಗಕ್ಕೆ ಸೋಫಾ ಬರುತ್ತದೆ ಎಂದರು. ದೊಡ್ಡಮ್ಮ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಹೇಳಲಿಲ್ಲ. ವೆಬ್‌ಸೈಟು ಶುರುವಾಗುವ ದಿನದವರೆಗೆ ಮಾತ್ರ ಅಕ್ಕ ಬಂದರೆ ಸಾಕು ಎಂದು ಬಾಗಿಲ ಹತ್ತಿರ ಹೋಗಿ, ಬೆನ್ನು ತಿರುಗಿಸಿಕೊಂಡು ಹೇಳಿದರು. ದೊಡ್ಡಮ್ಮನಿಗೆ ಆಗ ಐವತ್ತೇಳು. ಗಂಡನಿಲ್ಲ, ಮಕ್ಕಳಿಲ್ಲ, ಬೇರೆ ಕೆಲಸ ಗೊತ್ತಿಲ್ಲ. ಅವರು "ಆಗಲಪ್ಪ" ಎಂದು ಹೇಳಿ ಪೆನ್ಸಿಲ್ ಕೆತ್ತತೊಡಗಿದರು. ಆಗಲೇ ಚೂಪಾಗಿದ್ದ ಪೆನ್ಸಿಲ್ ಅದು.

ಡಿಸೈನರ್ ಬಂದರು. ಬಹಳ ಓದಿದವರು, ಕುತ್ತಿಗೆಗೆ ಕನ್ನಡಕ ನೇತುಹಾಕಿಕೊಂಡಿದ್ದರು, ಅದನ್ನು ಕಣ್ಣಿಗೆ ಹಾಕಿಕೊಂಡದ್ದನ್ನು ನಾನು ನೋಡಲಿಲ್ಲ. ಮೊದಲ ಸಭೆಯಲ್ಲಿ ಆಡಿದ ಮಾತನ್ನು ಬರೆದಿಡಲು ನನಗೆ ಹೇಳಿದ್ದರು, ಬರೆದೆ. ಒಂದು ಗಂಟೆಯಲ್ಲಿ ಅವರು "ಯೂಸರ್ ಫ್ರೆಂಡ್ಲಿ" ಎಂದು ಹದಿನೆಂಟು ಸಲ ಅಂದಿದ್ದರು. ಒಬ್ಬ ಯೂಸರನ್ನೂ ಕರೆಸಿರಲಿಲ್ಲ. ಗುಂಡಿಯ ಬಣ್ಣ ಕಿತ್ತಳೆಯೋ ಹಸಿರೋ ಎಂಬುದಕ್ಕೆ ನಾಲ್ಕು ದಿನ ಹಿಡಿಯಿತು. ನಾಲ್ಕನೇ ದಿನ ಯಜಮಾನರ ಹೆಂಡತಿ ಬಂದು ನೀಲಿ ಎಂದರು, ನೀಲಿಯಾಯಿತು. ಪ್ರವಾಸಿಯ ಮನಸ್ಸು ತಿಳಿಯಲು ನಲವತ್ತೊಂದು ಪ್ರಶ್ನೆ ಇಟ್ಟರು. ಮೊದಲನೆಯದು, "ನಿಮ್ಮ ಆತ್ಮಕ್ಕೆ ಯಾವ ದಿಕ್ಕು ಇಷ್ಟ?" ಕಕ್ಕಸು ಎಷ್ಟು ಹತ್ತಿರ ಇರಬೇಕು ಎಂಬ ಪ್ರಶ್ನೆ ಹಾಕಿದರೆ ಒಳ್ಳೆಯದಲ್ಲವೇ ಎಂದು ದೊಡ್ಡಮ್ಮ ಕೇಳಿದರು. ಡಿಸೈನರ್ ಮುಗುಳ್ನಕ್ಕು, "ಮೇಡಂ, ನಾವು ಅನುಭವ ಮಾರ್ತಾ ಇದೀವಿ" ಎಂದರು.

"ಅದೂ ಅನುಭವವೇ ಅಲ್ವಾ" ಎಂದರು ದೊಡ್ಡಮ್ಮ. ಅದನ್ನೂ ನಾನು ಬರೆದುಕೊಂಡೆ.

ವೆಬ್‌ಸೈಟು ಪ್ರತಿಯೊಬ್ಬ ಗಿರಾಕಿಯನ್ನೂ ಗುರುತು ಹಿಡಿದು, ಅವರಿಗೆ ತಕ್ಕ ಪ್ರವಾಸ ಹೇಳಬೇಕು ಎಂಬುದು ಯಜಮಾನರ ಆಸೆ. ಅದಕ್ಕೆ ಹಳೆಯ ಗಿರಾಕಿಗಳ ಮಾಹಿತಿ ಬೇಕಾಯಿತು. ಆಗ ಒಂಬತ್ತು ಪೆಟ್ಟಿಗೆಗಳ ನೆನಪಾಯಿತು. ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನಗೆ ಬಂತು, ಬರೆಯುವುದಕ್ಕಿಂತ ಟೈಪು ಮಾಡುವುದು ನನಗೆ ಸುಲಭ. ಕೊನೆಯ ಕಾಲಂ "ವಿಶೇಷ ಟಿಪ್ಪಣಿ". ಅದರಲ್ಲಿ ಏನು ಹಾಕಬೇಕು ಎಂದು ಒಂದು ಚೀಟಿಯಲ್ಲಿ ಬರೆದು ಡಿಸೈನರ್ ಮುಂದೆ ಇಟ್ಟೆ. ಕಾರ್ಡಿನಲ್ಲಿ ಇರುವುದನ್ನೆಲ್ಲ ಒಂದಕ್ಷರ ಬಿಡದೆ ಹಾಕು ಎಂದರು. ಒಂದು ಕಾರ್ಡು ತೆಗೆದು ಓದಿ ನೋಡಿ ಎಂದು ಎರಡನೇ ಚೀಟಿ ಇಟ್ಟೆ. ಮಾಹಿತಿಯ ವಿಷಯದಲ್ಲಿ ಭಾವುಕಳಾಗಬಾರದು ಎಂದು ಬುದ್ಧಿ ಹೇಳಿದರು.

ನಾನು ಭಾವುಕಳಾಗಲಿಲ್ಲ. ಹನ್ನೊಂದು ವಾರ ಕೂತು ಸಾವಿರದ ನೂರ ನಲವತ್ತು ಕಾರ್ಡು ಟೈಪು ಮಾಡಿದೆ, ಒಬ್ಬೊಬ್ಬರ ಈಗಿನ ಫೋನ್ ನಂಬರನ್ನೂ ಹುಡುಕಿ ಸೇರಿಸಿದೆ. ಪ್ರತಿಯೊಂದನ್ನೂ ಎರಡು ಸಲ ತಾಳೆ ನೋಡಿದೆ. ಒಮ್ಮೆ ದೊಡ್ಡಮ್ಮ ನನ್ನ ಹಿಂದೆ ಬಂದು ನಿಂತು ಪರದೆಯನ್ನು ಸ್ವಲ್ಪ ಹೊತ್ತು ಓದಿದರು.

"ಎಲ್ಲಾನೂ ಹಾಕು ಅಂದಿದಾರಾ?"

"ಹೂಂ."

"ಪೆನ್ನಲ್ಲಿ ಇರೋದೂ?"

"ಒಂದಕ್ಷರ ಬಿಡಬೇಡ ಅಂದ್ರು."

ದೊಡ್ಡಮ್ಮ ತಮ್ಮ ಲೋಟದಲ್ಲಿದ್ದ ಟೀಯನ್ನು ಪೂರ್ತಿ ಕುಡಿದು ಮುಗಿಸಿದರು. "ಹೇಳಿದ ಹಾಗೆ ಮಾಡಮ್ಮ. ದೊಡ್ಡವರ ಮಾತು ಮೀರಬಾರದು" ಎಂದು ಹೋಗಿ ತಮ್ಮ ಜಾಗದಲ್ಲಿ ಕೂತರು.

ವೆಬ್‌ಸೈಟು ಶುರುವಾಗುವ ದಿನ ಬೆಳಿಗ್ಗೆ ಸೋಫಾ ಬಂತು. ಮೇಜು ಇನ್ನೂ ಇದ್ದುದರಿಂದ ಸೋಫಾವನ್ನು ಮೆಟ್ಟಿಲ ತುದಿಯಲ್ಲಿ, ಬಾಗಿಲ ಹೊರಗೆ ಇಳಿಸಿ ಹೋದರು. ಹತ್ತು ಗಂಟೆಗೆ ಮೂವತ್ತು ಹಳೆಯ ಗಿರಾಕಿಗಳು ಅದರ ಪಕ್ಕದಿಂದ ತೂರಿಕೊಂಡು ಒಳಗೆ ಬಂದರು. ಭೂಪಟದ ಮೇಲೆ ಬಿಳಿ ಪರದೆ ಕಟ್ಟಿದ್ದರು. ಯಜಮಾನರು ಹೊಸ ಕೋಟು ಹಾಕಿಕೊಂಡು, ನಮ್ಮ ವೆಬ್‌ಸೈಟು ನಿಮ್ಮನ್ನು ನಿಮ್ಮ ಮನೆಯವರಿಗಿಂತ ಚೆನ್ನಾಗಿ ಬಲ್ಲದು ಎಂದು ಭಾಷಣ ಮಾಡಿದರು. ಪಾಪ, ಅದು ನಿಜವೆಂದು ಅವರಿಗೆ ಗೊತ್ತಿರಲಿಲ್ಲ.

ಮೊದಲು ಕೆಳಗಿನ ಔಷಧಿ ಅಂಗಡಿಯವರು ತಮ್ಮ ನಂಬರ್ ಒತ್ತಿದರು. ಪರದೆಯ ಮೇಲೆ ನೀಲಿ ಅಕ್ಷರ ಮೂಡಿತು: "ನಮಸ್ಕಾರ. ನಿಮ್ಮನ್ನು ನಾವು ಬಲ್ಲೆವು." ಅದರ ಕೆಳಗೆ: "ರೈಲಿನಲ್ಲಿ ಎಲ್ಲರಿಗೂ ಕಾಯಿಲೆ ಇದೆ ಎಂದು ಹೆದರಿಸುತ್ತಾರೆ. ಪಕ್ಕದ ಸೀಟು ಖಾಲಿ ಇರುವ ದಿನ ನೋಡಿ ಕಳಿಸುವುದು." ಜನ ನಕ್ಕರು, ಅವರೂ ಒತ್ತಾಯಕ್ಕೆ ನಕ್ಕರು. ಆಮೇಲೆ ಹಲ್ಲಿನ ಡಾಕ್ಟರು ಹೆಂಡತಿಯ ಜೊತೆ ಮುಂದೆ ಬಂದರು. "ಗೊರಕೆ. ಒಪ್ಪಿಕೊಳ್ಳುವುದಿಲ್ಲ. ಹೆಂಡತಿಗೆ ಬೇರೆ ಕೋಣೆ ಹಾಕಿ, ಹೋಟೆಲಿನವರ ತಪ್ಪು ಎಂದು ಹೇಳುವುದು. ಆಕೆಗೆ ತಿಳಿದಿದೆ. ಈತನಿಗೆ ತಿಳಿಸಬಾರದು." ಈ ಸಲ ಯಾರೂ ನಗಲಿಲ್ಲ. ಡಾಕ್ಟರು ಹೆಂಡತಿಯನ್ನು ನೋಡಿದರು. ಅವರ ಹೆಂಡತಿ ಕಿಟಕಿಯ ಹೊರಗಿನ ವಿದ್ಯುತ್ ತಂತಿಯನ್ನು ನೋಡಿದರು.

ಯಜಮಾನರು ಅವಸರದಲ್ಲಿ ಮುಂದೆ ಬಂದರು. ಎಲ್ಲೋ ಎರಡು ತಪ್ಪು ಸೇರಿರಬೇಕು, ನನ್ನದನ್ನೇ ಹಾಕಿ ತೋರಿಸುತ್ತೇನೆ ಎಂದು ತಮ್ಮ ನಂಬರ್ ಒತ್ತಿದರು. ಅವರಿಗೂ ಒಂದು ಕಾರ್ಡು ಇದೆ ಎಂದು ನನಗೆ ಗೊತ್ತಿತ್ತು, ನಾಲ್ಕನೇ ಪೆಟ್ಟಿಗೆಯಲ್ಲಿ ಸಿಕ್ಕಿತ್ತು. ಹೇಳಬೇಕೆಂದು ಎದ್ದೂ ನಿಂತೆ, ಆದರೆ ಕೋಣೆಯಲ್ಲಿ ಮೂವತ್ತು ಜನ ಇದ್ದರು. "ನಮಸ್ಕಾರ. ನಿಮ್ಮನ್ನು ನಾವು ಬಲ್ಲೆವು. ಶಾಲೆಯ ಪ್ರವಾಸ, ವಯಸ್ಸು ಹನ್ನೊಂದು. ಮೂರನೇ ದಿನ ಇಲ್ಲಿಗೆ ಫೋನ್ ಮಾಡಿ ಅತ್ತ. ಹಾಸಿಗೆ ಒದ್ದೆ. ಅವನ ಅಪ್ಪನಿಗೆ ಹೇಳಿಲ್ಲ. ಎರಡು ದಿನಕ್ಕಿಂತ ಹೆಚ್ಚು ಕಳಿಸಬಾರದು." ಅದರ ಕೆಳಗೆ ವೆಬ್‌ಸೈಟು ತಾನಾಗಿಯೇ ಎರಡು ದಿನದ ಪ್ರವಾಸವೊಂದನ್ನು ಹೊಂದಿಸಿ, ನೀಲಿ ಗುಂಡಿ ತೋರಿಸಿತು. ಬೇರೆ ಯಾವ ದೋಷವೂ ಇರಲಿಲ್ಲ. ಅದು ಬಹಳ ಯೂಸರ್ ಫ್ರೆಂಡ್ಲಿಯಾಗಿತ್ತು.

ಡಿಸೈನರ್ ಪ್ಲಗ್ ಕಿತ್ತರು. ಯಜಮಾನರು ನನ್ನ ಕಡೆ ತಿರುಗಿ, ಇದನ್ನೆಲ್ಲ ಹಾಕಿದ್ದು ಯಾರು ಎಂದು ಕೇಳಿದರು. ದೊಡ್ಡಮ್ಮ ಕುರ್ಚಿಯಿಂದ ಎದ್ದರು.

"ಅವಳು ನೀವೆಲ್ಲ ಹೇಳಿದ್ದನ್ನ ಮಾಡಿದಾಳೆ. ಬರೆದಿದ್ದು ನಾನು. ಇಪ್ಪತ್ತಾರು ವರ್ಷ ಯಾರ ಕಿವಿಗೂ ಹೋಗದೆ ಇಟ್ಟುಕೊಂಡಿದ್ದೆ. ಗೋಡೆ ಮೇಲೆ ಹಾಕಿದ್ದು ನೀನು."

ಹೊಸ ಕೋಟಿನೊಳಗೆ ಯಜಮಾನರು ಹನ್ನೊಂದು ವರ್ಷದವರ ಹಾಗೇ ಕಂಡರು. ಸಂಜೆ ಎಲ್ಲರೂ ಹೋದ ಮೇಲೆ, ನಾಳೆಯಿಂದ ಬರುವುದು ಬೇಡ ಎಂದು ದೊಡ್ಡಮ್ಮನಿಗೆ ಹೇಳಿದರು. ಈ ಸಲ ಮುಖ ನೋಡಿಯೇ ಹೇಳಿದರು, ಅಷ್ಟರಮಟ್ಟಿಗೆ ಸುಧಾರಣೆ.

ಮಾರನೇ ದಿನ ದೊಡ್ಡಮ್ಮ ಪೆಟ್ಟಿಗೆಗಳನ್ನು ಒಯ್ಯಲು ಮಾತ್ರ ಬಂದರು, ಹಗ್ಗ ತಂದಿದ್ದರು. ಮೆಟ್ಟಿಲ ತುದಿಯ ಸೋಫಾದ ಮೇಲೆ ಹಲ್ಲಿನ ಡಾಕ್ಟರ ಹೆಂಡತಿ ಆಗಲೇ ಕೂತಿದ್ದರು. ಯಜಮಾನರು ಅವರನ್ನು ಒಳಗೆ ಕರೆದು ಕ್ಷಮೆ ಕೇಳಿದರು. ಅದೆಲ್ಲ ಇರಲಿ, ಮುಂದಿನ ತಿಂಗಳು ಕೆರೆಯ ಊರಿಗೆ ಎರಡು ಕೋಣೆ ಬೇಕು, ಇನ್ನು ಸುಳ್ಳು ಹೇಳುವ ಕಷ್ಟವಿಲ್ಲ, ಅದನ್ನು ಆ ಅಕ್ಕನೇ ಮಾಡಿಕೊಡಬೇಕು ಎಂದು ಅವರು ಹೇಳಿದರು. ಹನ್ನೊಂದು ಗಂಟೆಗೆ ಔಷಧಿ ಅಂಗಡಿಯವರು ಬಂದು, ತಮ್ಮ ಕಾರ್ಡಿನಲ್ಲಿ ಇನ್ನೇನಿದೆ ಎಂದು ತಿಳಿಯಬೇಕೆಂದು ಹಟ ಹಿಡಿದರು. ದೊಡ್ಡಮ್ಮ ತೋರಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸೋಫಾದಲ್ಲಿ ಜಾಗ ಸಾಲದೆ ಇಬ್ಬರು ಮೆಟ್ಟಿಲ ಮೇಲೆ ಕೂತಿದ್ದರು. ಬೈಯಲು ಬಂದವರೂ ಇದ್ದರು. ಅವರೂ ದೊಡ್ಡಮ್ಮನಿಗೇ ಬೈಯಬೇಕು ಎಂದರು, ಯಜಮಾನರಿಗೆ ಬೈಯಲು ಯಾರಿಗೂ ಮನಸ್ಸಿರಲಿಲ್ಲ.

ನಾಲ್ಕು ಗಂಟೆಗೆ ಯಜಮಾನರೇ ಪೆಟ್ಟಿಗೆಗಳ ಹಗ್ಗ ಬಿಚ್ಚಿದರು. ವೆಬ್‌ಸೈಟು ಸರಿಯಾಗುವವರೆಗೆ ಮಾತ್ರ ಎಂದು ದೊಡ್ಡಮ್ಮನಿಗೆ ಗಟ್ಟಿಯಾಗಿ ಹೇಳಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಅಪ್ಪನಿಗೆ ನಿಜವಾಗ್ಲೂ ಹೇಳಿರಲಿಲ್ವಾ ಅಕ್ಕ?" ಎಂದು ಕೇಳಿದರು.

"ಇಲ್ಲಪ್ಪ. ಹೊಸ ಬೆಡ್‌ಶೀಟು ಕಳಿಸಿದೆ ಅಷ್ಟೇ."

ಯಜಮಾನರು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ವೆಬ್‌ಸೈಟು ಸರಿಯಾಗುವುದು ಯಾವಾಗ ಎಂಬುದು ಈಗ ನನ್ನ ಕೈಯಲ್ಲಿದೆ. ಕಾರ್ಡುಗಳಲ್ಲಿ ಗಿರಾಕಿಗೆ ತೋರಿಸಬಹುದಾದ್ದನ್ನೂ ತೋರಿಸಬಾರದ್ದನ್ನೂ ಬೇರೆ ಮಾಡುವ ಕೆಲಸವನ್ನು ನನಗೇ ಒಪ್ಪಿಸಿದ್ದಾರೆ. ಟೈಪು ಮಾಡಿದ್ದನ್ನೆಲ್ಲ ಮತ್ತೆ ಕಾರ್ಡಿಗೆ ತಾಳೆ ನೋಡಬೇಕು, ಬೇರೆ ಯಾರಿಗೂ ದೊಡ್ಡಮ್ಮನ ಅಕ್ಷರ ಓದಲು ಬರುವುದಿಲ್ಲ, ಅವರದು ನನ್ನದಕ್ಕಿಂತ ಕೆಟ್ಟದು. ನಾನು ಅವಸರ ಮಾಡುವವಳಲ್ಲ. ಸೋಮವಾರ ಒಂಬತ್ತು ಗಂಟೆಗೆ ಮೊದಲನೇ ಪೆಟ್ಟಿಗೆಯ ಮೊದಲನೇ ಕಾರ್ಡು ತೆಗೆಯುತ್ತೇನೆ. ದಿನಕ್ಕೆ ಎರಡು ಕಾರ್ಡು ಮಾಡುತ್ತೇನೆ.