ಮೌನೇಶ್ವರಿ ತಡೆದು ಕೊಟ್ಟ ನೀರು

ನನ್ನ ಸೊಸೆ ಮೌನೇಶ್ವರಿ ದೇವದುರ್ಗದವಳು. ಮಾನ್ವಿಯ ನಮ್ಮ ಮನೆಗೆ ಬಂದು ಏಳು ವರ್ಷವಾಯಿತು. ಊರ ಹೆಂಗಸರ ಸೀರೆಗೆ ಜಂಪರ್ ಹೊಲಿಯುತ್ತಾಳೆ. ಮಾತು ಕಡಿಮೆ, ಕೈ ಚುರುಕು. ನನ್ನ ಮಗ ಶಕ್ತಿನಗರದಲ್ಲಿ ಗುತ್ತಿಗೆ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಾನೆ. ಅವರ ಮಗಳು ಸುಜಾತಾಗೆ ಮೂರು ತುಂಬಿದರೂ ಒಂದು ಮಾತು ಬರಲಿಲ್ಲ. ಕಿವಿ ಸರಿಯಿದೆ ಎಂದರು ಡಾಕ್ಟರು. ಆಗಿನಿಂದ ಮೌನೇಶ್ವರಿ ಪ್ರತಿ ಗುರುವಾರ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ರಾಯಚೂರಿನ ಬಸ್ಸು ಹತ್ತತೊಡಗಿದಳು. ಅಲ್ಲಿ ಮಕ್ಕಳಿಗೆ ಮಾತು ಕಲಿಸುವ ವಾಹಿದಾ ಮೇಡಂ ಇದ್ದರು.

ಮೇಡಂ ಹೇಳಿದ್ದು ಇಷ್ಟೇ. ಮಗು ಕೈ ತೋರಿಸಿದ ಕೂಡಲೇ ಕೊಡಬಾರದು. ಲೋಟ ಹಿಡಿದು "ನೀರು" ಎಂದು ಹೇಳಿ, ಮಗುವಿನ ಮುಖ ನೋಡುತ್ತ ಸ್ವಲ್ಪ ಕಾಯಬೇಕು. ಏನಾದರೂ ಸದ್ದು ಮಾಡಿದರೆ ಕೊಡಬೇಕು. ಮಾಡದಿದ್ದರೂ ಇನ್ನೊಮ್ಮೆ ಹೇಳಿ ಕೊಡಬೇಕು. ಮನೆಯವರೆಲ್ಲ ಹೀಗೇ ಮಾಡಬೇಕು.

ನನಗೆ ಅದು ಸೇರಲಿಲ್ಲ. ಭತ್ತದ ನಾಟಿಗೆ ಕೂಲಿ ಹೋದಲ್ಲಿ ಧಣಿಗಳ ಮನೆ ಮುಂದೆ ನಿಂತು ನೀರು ಕೇಳಿ ಕೇಳಿ, ಮೇಲಿನಿಂದ ಬೊಗಸೆಗೆ ಹೊಯ್ಯಿಸಿಕೊಂಡು ಕುಡಿದವರು ನಾವು. ಅದಕ್ಕೇ ನಮ್ಮ ಕಟ್ಟೆಗೆ ಬಂದು ಕೂತವರು ಬಾಯಿಬಿಟ್ಟು ನೀರು ಕೇಳುವಂತಾಗಬಾರದು ಎಂದು ನಡೆಸಿಕೊಂಡು ಬಂದಿದ್ದೆ. ಗಂಡ ತೀರಿದ ವರ್ಷವೂ ಅದನ್ನು ಬಿಡಲಿಲ್ಲ. ಈಗ ಸ್ವಂತ ಮೊಮ್ಮಗಳು ಕೇಳಬೇಕೇ?

ಸೊಸೆ ಹೊಲಿಯಲು ಕೂತಾಗ ಮಗು ನನ್ನ ಸೆರಗು ಎಳೆಯುತ್ತಿತ್ತು. ಬೆರಳು ಎತ್ತುವ ಮೊದಲೇ ನೀರು, ಬಿಸ್ಕೀಟು, ಎಲ್ಲ ಕೊಡುತ್ತಿದ್ದೆ. ಅಷ್ಟಕ್ಕೇ ನಿಲ್ಲಲಿಲ್ಲ. ದೇವದುರ್ಗಕ್ಕೆ ಮದುವೆಗೆ ಹೋದಾಗ ಅವಳ ತಾಯಿ ಹುಲಗೆಮ್ಮನಿಗೆ, "ನಿಮ್ಮ ಮಗಳು ಕೂಸಿಗಿ ನೀರು ಸೈತ ಕಾಡಿಸಿ ಕೊಡ್ತಾಳ ನೋಡ್ರಿ" ಎಂದೆ. ಹತ್ತು ಮಂದಿ ಕೇಳಿಸಿಕೊಂಡರು. ಹುಲಗೆಮ್ಮ ಮಗಳ ಜೊತೆ ಮಾತು ಬಿಟ್ಟಳು.

ಮೇಡಂ ಹತ್ತಿರ ಹೋಗತೊಡಗಿ ನಾಲ್ಕು ತಿಂಗಳಾದ ಮೇಲೆ ಒಂದು ಗುರುವಾರ ನಾನೂ ರಾಯಚೂರಿಗೆ ಹೋದೆ. ಮೇಡಂ ಬಿಸ್ಕೀಟು ಹಿಡಿದು ಕಾದರು. ಮಗು ಅವರತ್ತ ನೋಡಲೂ ಇಲ್ಲ. ಸೀದಾ ಬಂದು ನನ್ನ ಸೆರಗು ಎಳೆಯಿತು. ನನ್ನ ಕೈ ಆಗಲೇ ಚೀಲದೊಳಗಿತ್ತು.

"ಮನ್ಯಾಗ ಮಾಡಾಕತ್ತಿಲ್ಲೇನ್ರೀ ಮೌನೇಶ್ವರಿ? ಕೂಸು ಇದ್ದಲ್ಲೇ ಅದ" ಎಂದರು ಮೇಡಂ.

"ಹೊಲಿಗಿ ಗದ್ದಲದಾಗ ಬಿಟ್ಟು ಹೋಗ್ತದ್ರಿ. ತಪ್ಪು ನಂದೇ ಅದ" ಎಂದಳು ಅವಳು.

ನಾನು ಪಕ್ಕದಲ್ಲೇ ಕೂತಿದ್ದೆ. ಚೀಲದಿಂದ ಕೈ ಹೊರಗೆ ತೆಗೆದೆ. ಬಸ್ಸಿನಲ್ಲಿ ಕೇಳಿದೆ, "ನನ್ನ ಹೆಸರು ಯಾಕ ಹೇಳಲಿಲ್ಲ ಬೇ?"

"ನೀವು ದೇವದುರ್ಗಕ್ಕೆಲ್ಲ ನನ್ನ ಹೆಸರು ಹೇಳಿ ಬಂದೀರಲ್ಲ ಅತ್ತಿ, ಅಷ್ಟು ಸಾಕು" ಎಂದು ಕಿಟಕಿಯತ್ತ ತಿರುಗಿದಳು.

ಮರುದಿನದಿಂದ ನಾನೂ ಲೋಟ ಹಿಡಿದು ಕಾದೆ. ಮಗು ನೆಲಕ್ಕೆ ಬಿದ್ದು ಹೊರಳಾಡಿತು. ನನ್ನ ಕಣ್ಣಲ್ಲೂ ನೀರು.

"ಕೊಟ್ಟುಬಿಡ್ರಿ ಅತ್ತಿ, ಇಬ್ಬಿಬ್ಬರಿಗಿ ನಾ ಎಲ್ಲಿ ರಮಿಸಲಿ!" ಎಂದಳು ಸೊಸೆ.

ಹದಿನೆಂಟನೆಯ ದಿನ ಮಗು ಲೋಟ ನೋಡಿ "ನೀ" ಎಂದಿತು. ಮೌನೇಶ್ವರಿಯ ಮಷೀನು ನಿಂತಿತು. ಈ "ನೀ" ನಾಲ್ಕು ತಿಂಗಳ ಹಿಂದೆಯೇ ಬರಬಹುದಿತ್ತೇನೋ.

ಮರುದಿನ ದೇವದುರ್ಗಕ್ಕೆ ಹೋಗಿ ಹುಲಗೆಮ್ಮನಿಗೆ ನನ್ನ ತಪ್ಪು ಹೇಳಿದೆ.

"ಆವತ್ತು ಹತ್ತು ಮಂದಿ ಮುಂದ ಹೇಳಿದ್ರಿ. ಇವತ್ತು ನಾ ಒಬ್ಬಾಕಿ ಇದ್ದಾಗ ಹೇಳಾಕತ್ತೀರಿ" ಎಂದಳು ಅವಳು.

ತಪ್ಪು ಹೇಳಲು ಆ ಹತ್ತು ಮಂದಿಯ ಮನೆ ಮನೆಗೆ ಹೋದೆ. ಏಳು ಮಂದಿ ಸಿಕ್ಕರು. ಉಳಿದ ಮೂವರ ಪಾಲಿಗೆ ಮೌನೇಶ್ವರಿ ಇವತ್ತಿಗೂ ಕೂಸಿಗೆ ನೀರು ಕಾಡಿಸಿದವಳೇ.