ದ್ಯಾಮೇಶನ ಎರಡು ದಿನದ ತಾಲೀಮು

ನರಗುಂದದ ದ್ಯಾಮೇಶ ಬಡಾಯಿಕೋರ. ಹಾಗೆನ್ನಲು ಊರಿನಲ್ಲಿ ಯಾರಿಗೂ ಸಂಕೋಚವಿರಲಿಲ್ಲ, ಅವನ ತಾಯಿ ಗಾಳೆವ್ವನಿಗೂ ಇರಲಿಲ್ಲ. ನಲವತ್ತಾರು ವರ್ಷಗಳಲ್ಲಿ ಅವನು ಯಾವುದನ್ನೂ ನಡೆದಷ್ಟೇ ಅಳತೆಯಲ್ಲಿ ಹೇಳಿದ್ದಿಲ್ಲ. ಇಂಥವನಿಗೆ ಮೈಕ್ ಸೆಟ್ಟಿನ ಅಂಗಡಿ ಇದ್ದದ್ದು ಊರಿನ ದುರದೃಷ್ಟ. ಲಸಿಕೆಯ ದಿನ, ನಳದ ನೀರು ಬಿಡುವ ಹೊತ್ತು, ತಪ್ಪಿಸಿಕೊಂಡ ದನ, ಎಲ್ಲವನ್ನೂ ಆಟೊದಲ್ಲಿ ಕೂತು ಸಾರುವುದು ಅವನ ಕಸುಬು. ಒಮ್ಮೆ ಉಸ್ಮಾನಸಾಬರ ಎಮ್ಮೆ ಕಳೆದಾಗ, ಆನೆಯಷ್ಟು ಎತ್ತರದ, ಹೊತ್ತಿಗೆ ಎಂಟು ಲೀಟರ್ ಹಿಂಡುವ ಎಮ್ಮೆ ಎಂದು ಸಾರಿದ. ಅದನ್ನು ಹಿಡಿದು ಕಟ್ಟಿಹಾಕಿದ್ದ ಶಿರೋಳದವರು, ತಮ್ಮಲ್ಲಿರುವ ಬಡಕಲು ಎಮ್ಮೆ ಬೇರೆ ಯಾರದೋ ಇರಬೇಕೆಂದು ನಾಲ್ಕು ದಿನ ಸುಮ್ಮನಿದ್ದರು.

ಹೈಸ್ಕೂಲಿನಲ್ಲಿ ಡ್ರಿಲ್ ಕಲಿಸುವ ಕವಿತಾ ಈ ಮನುಷ್ಯನನ್ನು ದೂರದಲ್ಲಿಟ್ಟಿದ್ದಳು. ಆದರೆ ಆ ವರ್ಷ ಅವಳು ಒಂದು ಸೈಕಲ್ ಯಾತ್ರೆ ಹಮ್ಮಿಕೊಂಡಳು. ಗಜೇಂದ್ರಗಡದಿಂದ ಹೊರಟು ರೋಣದ ಮೇಲೆ ನರಗುಂದ, ಮರುದಿನ ಅದೇ ದಾರಿಯಲ್ಲಿ ವಾಪಸ್. ಪೂರ್ತಿ ತುಳಿದ ಒಬ್ಬೊಬ್ಬರ ಹೆಸರಿನಲ್ಲಿ ಕಿವಿ ಕೇಳದ ಒಂದೊಂದು ಮಗುವಿಗೆ ಶ್ರವಣಯಂತ್ರ ಕೊಡಿಸಲು ಮೂರೂ ಊರಿನ ವ್ಯಾಪಾರಸ್ಥರು ಒಪ್ಪಿದ್ದರು. ಒಂದು ಬೆಳಿಗ್ಗೆ ಪಾಠ ನಡೆದಿರುವಾಗಲೇ ಬೀದಿಯಿಂದ ಮೈಕಿನ ದನಿ ಬಂತು. ಯಾತ್ರೆಯ ಮುಂದಾಳು, ನುರಿತ ಸೈಕಲ್ ಪಟು ದ್ಯಾಮೇಶ ಎಂದು ಸಾರುತ್ತಿದ್ದವನು ದ್ಯಾಮೇಶನೇ. ಮಧ್ಯಾಹ್ನದ ಹೊತ್ತಿಗೆ ರೋಣದಲ್ಲಿ, ಸಂಜೆಗೆ ಗಜೇಂದ್ರಗಡದಲ್ಲಿ ಇದೇ ಮಾತು ಕೇಳಿಬಂತು.

ಕವಿತಾ ಅವನ ಅಂಗಡಿಗೆ ಹೋದಳು. ಬಾಗಿಲ ಬದಿಗೆ ಅವನ ಸೈಕಲ್ ಒರಗಿತ್ತು.

“ದ್ಯಾಮೇಶಣ್ಣಾ, ಸೈಕಲ್ ತುಳದು ಎಷ್ಟ ವರ್ಷಾತು?”

“ದಿನಾ ತುಳಿತೀನ್ರಿ ಅಕ್ಕೋರ. ಮೊನ್ನೆ ಮುಂಜಾನೆ ಬದಾಮಿಗೆ ಹೋಗಿ ಊಟದ ಹೊತ್ತಿಗೆ ಬಂದೆ.”

“ಎರಡೂ ಗಾಲ್ಯಾಗ ಗಾಳಿ ಇಲ್ಲಲಾ.”

“ಬಂದ ಮ್ಯಾಲ ಹೋತ್ರಿ.”

ಕವಿತಾ ನಗಲಿಲ್ಲ. ಎಲ್ಲ ಸವಾರರಿಗೂ ಇಟ್ಟ ಪರೀಕ್ಷೆಯನ್ನೇ ಅವನಿಗೂ ಇಟ್ಟಳು. ಶನಿವಾರ ಮತ್ತು ಭಾನುವಾರ, ಬೆನ್ನುಬೆನ್ನಿಗೆ ಎರಡು ದಿನ, ಹಳ್ಳಿದಾರಿ ಹಿಡಿದು ನರಗುಂದದಿಂದ ರೋಣಕ್ಕೆ ಹೋಗಿ ಬರಬೇಕು. ಮೊದಲ ದಿನ ಹುರುಪಿನ ಮೇಲೆ ಯಾರಾದರೂ ತುಳಿಯುತ್ತಾರೆ, ನೊಂದ ಕಾಲಿನಲ್ಲಿ ಮರುದಿನವೂ ತುಳಿಯುವವನೇ ಅವಳಿಗೆ ಬೇಕಾಗಿದ್ದ. ಎರಡೂ ದಿನ ಹೊತ್ತು ಮುಳುಗುವುದರೊಳಗೆ, ಸ್ವಂತ ಕಾಲಿನ ಬಲದಿಂದ ಊರು ಮುಟ್ಟಬೇಕು. ತಪ್ಪಿದರೆ ಪಟ್ಟಿಯಿಂದ ಹೆಸರು ಹೋಗುತ್ತದೆ, ಹೋದ ಸುದ್ದಿಯನ್ನು ಮೂರೂ ಊರಿನಲ್ಲಿ ಅವನೇ ಮೈಕಿನಲ್ಲಿ ಸಾರಬೇಕು. ಇಷ್ಟು ಕೇಳಿದ ಮೇಲೆ ದ್ಯಾಮೇಶನ ಮುಖ ಮೊದಲ ಬಾರಿಗೆ ಸಣ್ಣದಾಯಿತು.

“ಇನ್ನೊಂದು. ಫೋನ್ ಬಂದ್ ಇರಬೇಕು. ದಾರ್‍ಯಾಗ ಬಾಯಿ ತೆಗಿಬಾರದು, ಉಸಿರ ಹತ್ತತೈತಿ. ಎಲ್ಲೂ ಇಳದು ಚಾ-ಪಾ ಅಂತ ಕೂಡಂಗಿಲ್ಲ.”

“ಅದ ದೊಡ್ಡ ಮಾತಲ್ಲ ಬಿಡ್ರಿ,” ಎಂದ ದ್ಯಾಮೇಶ. ಅವನ ಆಯುಷ್ಯದಲ್ಲಿ ಅದಕ್ಕಿಂತ ದೊಡ್ಡ ಮಾತು ಇರಲಿಲ್ಲ.

ಶನಿವಾರ ಅವನು ನಿಜಕ್ಕೂ ಬಾಯಿ ಬಿಡದೆ ತುಳಿದ. ಕವಿತಾ ಸ್ಕೂಟರಿನ ಮೇಲೆ ಹಿಂದೆ ಹಿಂದೆ ಬಂದಳು. ರೋಣ ಮುಟ್ಟಿ ತಿರುಗಿ ಅಸೂಟಿಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಅಲ್ಲಿ ಅವನ ಅಕ್ಕ ಮಾಯವ್ವನ ಮನೆ ದಾರಿಯ ಮೇಲೇ ಇತ್ತು. ಕಟ್ಟೆಯ ಮೇಲೆ ಕೂತಿದ್ದ ಮಾಯವ್ವ, “ಬಾರಪಾ ತಮ್ಮಾ, ಚಾ ಕುಡದ ಹೋಗು,” ಎಂದು ಕರೆದಳು. ದ್ಯಾಮೇಶ ಬೆವರು ಇಳಿಯುವ ಮುಖವನ್ನು ಅವಳತ್ತ ತಿರುಗಿಸಿ, ಬೇಡವೆಂದು ಕೈಯಾಡಿಸಿ, ಮಾತಿಲ್ಲದೆ ಮುಂದೆ ಹೋದ.

ಆ ಕಡೆ ಸಾವಿನ ಸುದ್ದಿ ತಂದವರು ಮನೆಯಲ್ಲಿ ಕೂಡುವುದಿಲ್ಲ, ಒಂದು ಗುಟುಕು ನೀರನ್ನೂ ಮುಟ್ಟುವುದಿಲ್ಲ. ಮೊಬೈಲು ಬಂದು ಇಷ್ಟು ವರ್ಷವಾದರೂ ಆ ರೂಢಿ ಮನಸ್ಸಿನಿಂದ ಹೋಗಿಲ್ಲ. ಮಾತಿನ ಮಲ್ಲ ದ್ಯಾಮೇಶ, ಮಾತಿಲ್ಲದೆ, ಚಹಾ ಕುಡಿಯದೆ ಹೋಗಿದ್ದ. ಫೋನು ಹಚ್ಚಿದರೆ ಬಂದ್. ಮಾಯವ್ವ ಒಲೆ ಆರಿಸಿ, ಓಣಿಯ ಆರು ಮಂದಿ ಹೆಂಗಸರನ್ನು ಟಂಟಂ ಗಾಡಿಗೆ ಹತ್ತಿಸಿಕೊಂಡು, ಬೇರೆ ದಾರಿಯಿಂದ ನರಗುಂದಕ್ಕೆ ಹೊರಟಳು.

ದ್ಯಾಮೇಶ ಮತ್ತು ಕವಿತಾ ಬಂದಾಗ ಹೊತ್ತು ಇನ್ನೂ ಇತ್ತು. ಆದರೆ ಅವನ ಮನೆಯ ಮುಂದೆ ಚಪ್ಪಲಿಗಳ ರಾಶಿ, ಒಳಗೆ ಅಳುವ ಸದ್ದು. ದ್ಯಾಮೇಶ ಸೈಕಲ್ಲನ್ನು ಬೀಳಬಿಟ್ಟು ಹೊಸ್ತಿಲ ಮೇಲೆ ಕುಸಿದು “ಯವ್ವಾ” ಎಂದು ಗೋಳಾಡತೊಡಗಿದ. ಮಗನ ಅಳು ಕೇಳಿ ಒಳಗಿದ್ದ ಗಾಳೆವ್ವನ ಅಳು ಇಮ್ಮಡಿಯಾಯಿತು. ಕವಿತಾ ಇಣುಕಿ ನೋಡಿದರೆ ತಾಯಿ ಮಗಳು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು, ಸುತ್ತ ಆರು ಮಂದಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹೆಣ ಎಲ್ಲಿಯೂ ಕಾಣಲಿಲ್ಲ.

“ಯಾರ ತೀರಿಕೊಂಡಾರ್ರಿ?” ಎಂದಳು ಕವಿತಾ.

ಅಳು ನಿಂತಿತು. ಗಾಳೆವ್ವ ಮಗಳ ಮುಖ ನೋಡಿದಳು. “ನಿನ್ನ ಗಂಡ ಹೋದ್ನಲ್ಲೇನ?”

“ಅವರ್‍ಯಾಕ ಹೋಗ್ತಾರಬೇ? ಕಡ್ಲಿ ಒಕ್ಕಾಕ ಹೋಗ್ಯಾರ. ನಾ ನಿನ್ನ ನೋಡಾಕ ಬಂದೇನಿ.”

“ನನ್ನ ಯಾಕ ನೋಡತಿ?”

“ನೀ ಸತ್ತಿ ಅಂತ.”

“ಬಾಗಲಾ ತೆಗದಾಕಿ ನಾನ. ಮತ್ತ ಅರ್ಧ ತಾಸಿಂದ ಯಾರ ಸಲುವಾಗಿ ಅತ್ತಿ?”

“ನೀ ಅಳಾಕ ಹತ್ತಿದ್ದಿ, ಅದಕ್ಕ ಅತ್ತೆ. ಬ್ಯಾರೆ ಯಾರೋ ಅಂತ ತಿಳ್ಕೊಂಡೆ.”

ಎಲ್ಲರೂ ಹೊಸ್ತಿಲ ಮೇಲಿದ್ದ ದ್ಯಾಮೇಶನ ಕಡೆ ತಿರುಗಿದರು. ಮುಂದೆ ನಡೆದ ಬೈಗುಳವನ್ನು ಇಲ್ಲಿ ಬರೆಯುವುದು ಬೇಡ. ಎಂಟು ಹೆಂಗಸರಿಗೂ ಅವನೇ ಚಹಾ ಮಾಡಬೇಕಾಯಿತು, ನಿಂತುಕೊಂಡೇ ಮಾಡಿದ, ಕೂಡಲು ಬರುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವನಿಗೆ ಸೈಕಲ್ ಹತ್ತಲು ಮನೆಯ ಕಟ್ಟೆಯ ಆಸರೆ ಬೇಕಾಯಿತು. ಅಷ್ಟರಲ್ಲಿ ಸುದ್ದಿ ದಾರಿಯುದ್ದಕ್ಕೂ ಹಬ್ಬಿತ್ತು. ಯಾರೂ ಸತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಹಳ್ಳಿಹಳ್ಳಿಯಲ್ಲೂ ಜನ ಚಹಾದ ಲೋಟ ಹಿಡಿದು ನಿಂತಿದ್ದರು. ಕುಡಿಯದೆ ಬಿಡುವಂತಿರಲಿಲ್ಲ. ಇಳಿಯದೆ, ಒಂದು ಕಾಲು ನೆಲಕ್ಕೂರಿ ಕುಡಿಯಲು ಕವಿತಾ ಒಪ್ಪಿದಳು. ರೋಣ ಮುಟ್ಟುವುದರೊಳಗೆ ಆರು ಲೋಟ ಆಗಿತ್ತು. ಅಲ್ಲಿ ಯಾರೋ ಕೇಳಿದ್ದಕ್ಕೆ ಅವನು ಇಪ್ಪತ್ತೈದು ಎಂದ. ಕವಿತಾ ತಿದ್ದುವ ಗೋಜಿಗೆ ಹೋಗಲಿಲ್ಲ.

ಮರಳಿ ಬರುವಾಗ ಅಸೂಟಿಯಲ್ಲಿ ಮಾಯವ್ವ ನಡುರಸ್ತೆಯಲ್ಲೇ ನಿಂತಿದ್ದಳು. ತಮ್ಮನಿಗೆ ಚಹಾ ಕುಡಿಸಿ ಕಳಿಸಿ, ಸ್ಕೂಟರಿನ ಹ್ಯಾಂಡಲ್ ಹಿಡಿದಳು.

“ಅಕ್ಕೋರ, ಇಳೀರಿ.”

“ಹೊತ್ತಾಗತೈತ್ರಿ ಅಕ್ಕಾರ.”

“ನಿಮ್ಮ ಮಾತ ಕೇಳೇ ಅವ ನಿನ್ನೆ ಹಂಗ ಹೋದ. ನೀವೂ ಹಂಗ ಹೋದ್ರ ನಾ ಏನ ತಿಳಕೋಬೇಕು?”

ಕವಿತಾ ಸ್ಕೂಟರ್ ನಿಲ್ಲಿಸಿ ಇಳಿದಳು. ಚುನಮರಿ, ಮಿರ್ಚಿ, ಎರಡು ಸಲ ಚಹಾ ಮುಗಿಸಿ ಬಿಡಿಸಿಕೊಂಡು ಬರುವಷ್ಟರಲ್ಲಿ ಮುಕ್ಕಾಲು ತಾಸು ಕಳೆದಿತ್ತು. ಶಿರೋಳ ದಾಟಿದಳು, ಅವನಿಲ್ಲ. ಚಿಕ್ಕನರಗುಂದ ದಾಟಿದಳು, ಅಲ್ಲಿಯೂ ಇಲ್ಲ. ಆ ಕಾಲಿನಲ್ಲಿ ಇಷ್ಟು ಬೇಗ ಯಾರೂ ಬರಲಾರರು. ಎಲ್ಲೋ ಮಲಗಿರಬೇಕು ಎಂದುಕೊಳ್ಳುತ್ತ ಬಂದವಳಿಗೆ, ನರಗುಂದದ ಅಂಚಿನಲ್ಲಿ, ಬೇವಿನ ಮರದ ಕೆಳಗೆ ಸೈಕಲ್ ಹಿಡಿದು ನಿಂತ ದ್ಯಾಮೇಶ ಕಂಡ. ಸೂರ್ಯ ಗುಡ್ಡದ ಮೇಲೆ ಇನ್ನೂ ಒಂದು ಗೇಣು ಇದ್ದ. ಮುಂದಿನ ತಿರುವಿನಾಚೆ ಊರಿನವರು ಹಾರ ಹಿಡಿದು ಕಾಯುತ್ತಿದ್ದರು, ಅವನದೇ ಮೈಕು ಅಲ್ಲಿ ಹಾಡುತ್ತಿತ್ತು.

ಕವಿತಾಳಿಗೆ ಆಶ್ಚರ್ಯವಾಯಿತು, ತೋರಿಸಲಿಲ್ಲ. ಪಟ್ಟಿಯ ಹಾಳೆ ತೆಗೆದು ಪೆನ್ನಿನ ಟೋಪಿ ಬಿಚ್ಚಿದಳು.

“ಗೆದ್ರಿ ದ್ಯಾಮೇಶಣ್ಣಾ. ನಡೀರಿ, ಅಲ್ಲಿ ಎಲ್ಲಾರ ಮುಂದ ಸಹಿ ಮಾಡ್ತೀನಿ.”

ದ್ಯಾಮೇಶ ಹಿಂದೆ ಮುಂದೆ ನೋಡಿದ. ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

“ಮಾಡಬ್ಯಾಡ್ರಿ ಅಕ್ಕೋರ,” ಎಂದ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. “ಚಿಕ್ಕನರಗುಂದದ ಈಚಿಗೆ ಒಂದು ಟ್ರ್ಯಾಕ್ಟರ್ ಬಂತ್ರಿ. ಟ್ರಾಲಿ ಹಿಡಕೊಂಡ ಬಂದೆ. ಇಪ್ಪತ್ಮೂರು ಲೈಟಿನ ಕಂಬದಷ್ಟ ದೂರ.”

“ಅಷ್ಟ?”

“ಅಷ್ಟರಿ. ಎಣಿಸೇನಿ. ತಿರುಗಿ ಹೋಗಿ ಅಷ್ಟೂ ತುಳಕೊಂಡ ಬರ್ತೀನಿ.”

“ಹೋಗಿ ಬರೋದ್ರಾಗ ಹೊತ್ತ ಮುಳಗತೈತಿ. ಹೆಸರ ಹೋಗತೈತಿ ನೋಡ್ರಿ.”

“ಹೊಡದ ಹಾಕ್ರಿ. ನಾಳೆ ಮೈಕಿನ್ಯಾಗ ನಾನ ಹೇಳ್ತೀನಿ.”

ಕವಿತಾ ಪೆನ್ನು ಹಿಡಿದು ನಿಂತೇ ಇದ್ದಳು. ದ್ಯಾಮೇಶ ಮರಕ್ಕೆ ಒರಗಿ ಸೈಕಲ್ ಹತ್ತಿದ. ಮಡಚಲು ಬಾರದ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಪೆಡಲಿನ ಮೇಲಿಟ್ಟುಕೊಂಡು, ಚಿಕ್ಕನರಗುಂದದ ಕಡೆಗೆ ಮುಖ ಮಾಡಿ ತುಳಿಯತೊಡಗಿದ.